ಹೊಗೆ, ಸಿಡಿಲಿನ ಸುದ್ದಿ ಮುಂಚೆಯೇ ಬರಲಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ನಿಮ್ಮ ಪತ್ರಿಕೆ ನಮ್ಮೂರಿಗೆ ಬೆಳಗಿನ ಬಸ್ಸಿಗೆ ಬರುತ್ತದೆ. ಬಂದ ಕೂಡಲೇ ನಾವು ನೋಡುವುದು ಅಡಿಕೆ ಧಾರಣೆ, ಆಮೇಲೆ ಹವಾಮಾನ. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಆ ಹವಾಮಾನದ ಮೂಲೆಯ ಬಗ್ಗೆಯೇ ಈ ಪತ್ರ.

ಕೋರಿಕೆ ಇಷ್ಟು. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಮಲೆನಾಡಿನ ಪುಟದಲ್ಲಿ ಅಂದಿನ ಬಿಸಿಲಿನ ಜೊತೆಗೆ ಅಂದಿನ ಹೊಗೆ, ಅಂದಿನ ಗುಡುಗು ಸಿಡಿಲು ಎರಡನ್ನೂ ಹಾಕಿ. ತಾಲ್ಲೂಕುವಾರು ಹಾಕಿ. ಈ ಮೂರೂ ನಮ್ಮಲ್ಲಿ ಬೇರೆ ಬೇರೆ ಸಂಗತಿಗಳಲ್ಲ, ಒಂದೇ ಬೇಸಿಗೆಯ ಮೂರು ಮುಖಗಳು. ಆದರೆ ಪತ್ರಿಕೆಯಲ್ಲಿ ಅವು ಮೂರು ಬೇರೆ ಜಾಗದಲ್ಲಿ ಬರುತ್ತವೆ. ಬಿಸಿಲು ಮೊದಲ ಪುಟದಲ್ಲಿ, 'ಇನ್ನೂ ಎರಡು ದಿನ ಬಿಸಿಗಾಳಿ' ಅಂತ ಮುಂಚಿತವಾಗಿ. ಕಾಡಿನ ಬೆಂಕಿ ಜಿಲ್ಲಾ ಪುಟದಲ್ಲಿ, ಗುಡ್ಡ ಸುಟ್ಟು ಕರಿಯಾದ ಮಾರನೇ ದಿನ. ಸಿಡಿಲು ಇನ್ನೊಂದು ಮೂಲೆಯಲ್ಲಿ, ಯಾರದೋ ಮನೆಯ ಹಸುವೋ ಮನುಷ್ಯರೋ ಹೋದ ಮೇಲೆ. ಬಿಸಿಲಿಗೆ ಮುನ್ಸೂಚನೆ ಇದೆ, ಉಳಿದ ಎರಡಕ್ಕೆ ಬರೀ ವರದಿ ಇದೆ. ಆ ಎರಡಕ್ಕೂ ಮುನ್ಸೂಚನೆ ಬರಲಿ ಅನ್ನುವುದು ನನ್ನ ಆಸೆ. ಬೇಕಾದ ಮಾಹಿತಿ ಬಹುಪಾಲು ಈಗಾಗಲೇ ಸರಕಾರಿ ಕೇಂದ್ರಗಳಿಂದ ಪ್ರತಿದಿನ ಹೊರಡುತ್ತಿದೆ. ಅದು ನಮ್ಮ ಮನೆ ಜಗಲಿಯವರೆಗೆ ಬರುತ್ತಿಲ್ಲ, ಅಷ್ಟೇ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕ ಅಂದರೆ ಮೂರು ಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಅಂದರೆ 'ದಕ್ಷಿಣ ಒಳನಾಡಿನಲ್ಲಿ ಒಣಹವೆ' ಅಂತ ಒಂದು ಸಾಲು ಬಂದರೆ ಅದರೊಳಗೆ ಕೋಲಾರವೂ ಇದೆ, ಆಗುಂಬೆಯೂ ಇದೆ. ನಮ್ಮ ಜಿಲ್ಲೆಯ ಒಳಗೇ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಯಲ್ಲಿ 1,000 ಮಿ.ಮೀ. ಆಸುಪಾಸು. ಶಿಕಾರಿಪುರದ ಬಯಲಿಗೂ ತೀರ್ಥಹಳ್ಳಿಯ ಘಟ್ಟದಂಚಿಗೂ ಒಂದೇ ಸಾಲು ಹೇಗೆ ಹೊಂದುತ್ತದೆ? ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಲೆನಾಡನ್ನು ಬೇರೆ ಭಾಗವಾಗಿಯೇ ಲೆಕ್ಕ ಹಾಕುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಅಳೆಯುವ ಯಂತ್ರ ಇಟ್ಟಿರುವುದೂ ಅವರೇ. ಹಾಗಾಗಿ ತಾಲ್ಲೂಕುವಾರು ಹೇಳುವುದು ಆಗದ ಕೆಲಸವಲ್ಲ.

ಈಗ ಹೊಗೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪೇಟೆಯವರಿಗೆ ಇದು ಗೊತ್ತಾಗುವುದು ಕಡಿಮೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅದರ ಹಿಂದೆ ಮುಂದೆಯೇ ನಮ್ಮಲ್ಲಿ ಬೆಂಕಿಯ ಕಾಲ ಶುರು. ಆ ಹೊತ್ತಿಗೆ ಎಲೆ ಉದುರಿ ಕಾಡಿನ ನೆಲದ ಮೇಲೆ ದರಗು ತುಂಬಿರುತ್ತದೆ. ಬ್ಯಾಣದ, ಅಂದರೆ ತೋಟದ ಪಕ್ಕದ ಹುಲ್ಲುಗಾವಲಿನ, ಹುಲ್ಲು ಬೆಳ್ಳಗೆ ಒಣಗಿ ನಿಂತಿರುತ್ತದೆ. ಮೂಡಣದಿಂದ, ಬಯಲುಸೀಮೆಯ ಕಡೆಯಿಂದ ಒಣಗಾಳಿ ಬೀಸುತ್ತದೆ. ಶೆಟ್ಟಿಹಳ್ಳಿ ಅಭಯಾರಣ್ಯದ ಬಿದಿರು, ಭದ್ರಾ ಹುಲಿ ಮೀಸಲು ಪ್ರದೇಶದ ಎಲೆ ಉದುರುವ ಕಾಡು, ಕುದುರೆಮುಖ ಮತ್ತು ಕೊಡಚಾದ್ರಿ ಸಾಲಿನ ಹುಲ್ಲುಗುಡ್ಡ, ನಮ್ಮೂರ ಸುತ್ತಲಿನ ಅಕೇಶಿಯಾ ನೆಡುತೋಪು, ಎಲ್ಲವೂ ಕಿಡಿ ಕಾಯುತ್ತಿರುತ್ತವೆ. ಹಿಂದಿನ ವರ್ಷ ಮಳೆ ಕಡಿಮೆಯಾಗಿದ್ದರೆ ಇನ್ನೂ ಕಷ್ಟ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಅದರ ಮುಂದಿನ ಬೇಸಿಗೆ ಹೇಗಿತ್ತು ಅಂತ ಮಲೆನಾಡಿನವರಿಗೆ ನೆನಪಿಸಬೇಕಾಗಿಲ್ಲ.

ಬೆಂಕಿ ಹತ್ತುವುದು ಎಲ್ಲೋ ದೂರದ ಗುಡ್ಡದಲ್ಲಿ. ಆದರೆ ಹೊಗೆ ಬಂದು ಕೂರುವುದು ನಮ್ಮ ಅಡಿಕೆ ತೋಟದ ಕಣಿವೆಯಲ್ಲಿ. ಕಾರಣ ಸರಳ. ರಾತ್ರಿ ಹೊತ್ತು ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತದೆ. ಹೊಗೆ ಮೇಲೆ ಹೋಗಲು ದಾರಿ ಇಲ್ಲ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಬಿಸಿಲೇರಿ ನೆಲ ಕಾದ ಮೇಲೆ ಆ ಮುಚ್ಚಳ ಒಡೆದು ಹೊಗೆ ಚದುರುತ್ತದೆ. ಅಂದರೆ ಜನ ಕೊಟ್ಟಿಗೆ ಕೆಲಸಕ್ಕೆ ಏಳುವ ಹೊತ್ತು, ಮಕ್ಕಳು ಶಾಲೆಗೆ ನಡೆದು ಹೋಗುವ ಹೊತ್ತು, ವಯಸ್ಸಾದವರು ವಾಕಿಂಗ್ ಹೋಗುವ ಹೊತ್ತು ಇದೆಯಲ್ಲ, ಸರಿಯಾಗಿ ಅದೇ ಹೊತ್ತಿನಲ್ಲಿ ಹೊಗೆ ಅತ್ಯಂತ ದಟ್ಟವಾಗಿರುತ್ತದೆ. ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳು ನಸುಕಿನಲ್ಲಿ ಎದ್ದು ಕಿಟಕಿ ತೆಗೆದು ಓದಲು ಕೂರುವುದೂ ಇದೇ ಗಾಳಿಯಲ್ಲಿ.

ಬಹಳ ಜನ ಇದನ್ನು ಮಂಜು ಅಂದುಕೊಂಡು ಸುಮ್ನಿರುತ್ತಾರೆ. ಮಂಜಾದರೆ ಎಲೆ ಒದ್ದೆಯಾಗುತ್ತದೆ, ಬಿಸಿಲಿಗೆ ಬೇಗ ಕರಗುತ್ತದೆ, ಬಣ್ಣ ಬಿಳಿ. ಹೊಗೆಯ ಮಬ್ಬು ಒಣಗಿರುತ್ತದೆ, ಸ್ವಲ್ಪ ಕಂದು ಬಣ್ಣ, ಮಧ್ಯಾಹ್ನವೂ ದೂರದ ಗುಡ್ಡ ಸರಿಯಾಗಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಕೆಂಪು ಉಂಡೆಯಾಗಿ ಕಾಣುವುದನ್ನು ಪ್ರವಾಸಿಗರು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಆ ಕೆಂಪಿನಲ್ಲಿ ಹೊಗೆಯ ಪಾಲೂ ಇರುತ್ತದೆ.

ನಮ್ಮ ತಾಯಿಗೆ ಉಬ್ಬಸ ಇದೆ. ಹೊಗೆ ಕೂತ ದಿನ ಅವರು ರಾತ್ರಿಯಿಡೀ ಗೋಡೆಗೆ ಒರಗಿ ಕೂತೇ ಇರುತ್ತಾರೆ. ಇನ್‌ಹೇಲರ್ ಹಿಂದಿನ ದಿನವೇ ಸರಿಯಾಗಿ ತೆಗೆದುಕೊಳ್ಳಿ, ಬೆಳಿಗ್ಗೆ ಹೊರಗೆ ಹೋಗಬೇಡಿ, ಪಶ್ಚಿಮದ ಕೋಣೆಗೆ ಹಾಸಿಗೆ ಬದಲಾಯಿಸಿ ಅಂತ ಹೇಳಲು ನಮಗೆ ಮುಂಚೆ ಗೊತ್ತಾಗಬೇಕು. ಗೊತ್ತಾಗುವುದು ಮೂಗಿಗೆ ವಾಸನೆ ಬಂದ ಮೇಲೆ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇಂಥ ಮನೆ ಒಂದಲ್ಲ, ನಮ್ಮ ಕೇರಿಯಲ್ಲೇ ಹಲವು ಇವೆ.

ಹೊಗೆಯಲ್ಲಿ ಅಪಾಯ ಇರುವುದು ಕಣ್ಣಿಗೆ ಕಾಣದ ಸಣ್ಣ ಕಣದಲ್ಲಿ. ಪಿಎಂ 2.5 ಅನ್ನುತ್ತಾರೆ, ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಎರಡೂವರೆ ಪಾಲು, ಅಥವಾ ಅದಕ್ಕಿಂತ ಸಣ್ಣದು. ಇದು ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ನಮ್ಮ ದೇಶದ ಮಾನದಂಡದಲ್ಲಿ 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 15ಕ್ಕೆ ಇಳಿಸಿ ಅಂದಿದೆ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡರೆ ಬೂದಿ ತಡೆಯಬಹುದು, ಈ ಕಣ ತಡೆಯುವುದಿಲ್ಲ. ಅದಕ್ಕೆ ಎನ್95 ಮಾಸ್ಕೇ ಬೇಕು, ಮುಖಕ್ಕೆ ಬಿಗಿಯಾಗಿ ಕೂರಬೇಕು. ಇದನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕಲಿತೆವು, ಹೊಗೆಗೂ ಅದೇ ಮಾಸ್ಕ್ ಆಗುತ್ತದೆ ಅಂತ ಯಾರೂ ಹೇಳಲಿಲ್ಲ. ಶಿವಮೊಗ್ಗ ನಗರದ ವಿನೋಬನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರ ಇದೆ, ಅಂಕಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಒಳ್ಳೆಯದೇ. ಆದರೆ ಪೇಟೆಯ ಅಂಕಿ ನಮ್ಮ ಕಣಿವೆಯ ಗಾಳಿ ಹೇಳಲಾರದು. ಹೊಸನಗರ, ತೀರ್ಥಹಳ್ಳಿ, ಸಾಗರದ ತಾಲ್ಲೂಕು ಆಸ್ಪತ್ರೆಗಳ ಹತ್ತಿರ ಬೇಸಿಗೆಗೆ ಮಾತ್ರವಾದರೂ ಒಂದೊಂದು ಸಣ್ಣ ಯಂತ್ರ ಇಟ್ಟರೆ ವೈದ್ಯರಿಗೂ ಅನುಕೂಲ.

ಬೆಂಕಿ ಎಲ್ಲಿದೆ ಅಂತ ತಿಳಿಯುವುದು ಈಗ ಕಷ್ಟವಲ್ಲ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ಬೆಂಕಿಯ ಜಾಗ ಗುರುತಿಸುತ್ತದೆ, ಎಸ್‌ಎಂಎಸ್ ಕಳಿಸುತ್ತದೆ. ಅರಣ್ಯ ಸಿಬ್ಬಂದಿಗೆ ಮಾತ್ರ ಅಲ್ಲ, ಹೆಸರು ನೋಂದಾಯಿಸಿಕೊಂಡ ಯಾರಿಗೆ ಬೇಕಾದರೂ ಬರುತ್ತದೆ. ಇದು ನಿಮ್ಮ ಓದುಗರಲ್ಲಿ ಎಷ್ಟು ಜನರಿಗೆ ಗೊತ್ತು? ಉಪಗ್ರಹದಲ್ಲಿರುವ ವೀರ್ಸ್ ಅನ್ನುವ ಉಪಕರಣ 375 ಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ಬೆಂಕಿ ಗುರುತಿಸುತ್ತದೆ. ಅದು ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆ ಸುಮಾರಿಗೆ. ಸಂಜೆ ನಾಲ್ಕಕ್ಕೆ ಹತ್ತಿದ ಬೆಂಕಿ ಅದಕ್ಕೆ ರಾತ್ರಿಯವರೆಗೂ ಕಾಣುವುದಿಲ್ಲ. ದಟ್ಟ ಮರದ ಕೆಳಗೆ ದರಗು ಮಾತ್ರ ಉರಿಯುತ್ತಿದ್ದರೆ ಒಮ್ಮೊಮ್ಮೆ ಕಾಣುವುದೇ ಇಲ್ಲ. ಹಾಗಾಗಿ ಉಪಗ್ರಹದ ಜೊತೆಗೆ ಊರಿನ ಕಣ್ಣೂ ಬೇಕು. ಗುಡ್ಡದ ಮೇಲೆ ಹೊಗೆ ಎದ್ದಿದ್ದನ್ನು ಮೊದಲು ನೋಡುವವರು ದನ ಮೇಯಿಸುವವರು, ಬಸ್ಸಿನ ಚಾಲಕರು, ಹಾಲು ಹಾಕಲು ಹೋಗುವವರು.

ಇನ್ನು ಗುಡುಗಿನ ವಿಷಯಕ್ಕೆ ಬರುತ್ತೇನೆ, ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲೇ ಇದೆ.

ಮಾರ್ಚ್ ಅರ್ಧ ಕಳೆಯುತ್ತಿದ್ದ ಹಾಗೆ ಗಾಳಿಯ ರೀತಿ ಬದಲಾಗುತ್ತದೆ. ಬೆಳಿಗ್ಗೆ ಒಣಗಾಳಿ, ಮಧ್ಯಾಹ್ನದ ಮೇಲೆ ಘಟ್ಟ ಹತ್ತಿ ಬರುವ ಸಮುದ್ರದ ತೇವದ ಗಾಳಿ. ಎರಡೂ ಸೇರುವ ಕಡೆ, ನೆಲ ಚೆನ್ನಾಗಿ ಕಾದಿದ್ದರೆ, ಮೋಡ ನೋಡುನೋಡುತ್ತಲೇ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಏರುತ್ತದೆ. ಹವಾಮಾನ ಇಲಾಖೆಯವರು 'ಮಹಾರಾಷ್ಟ್ರದಿಂದ ಒಳನಾಡು ಕರ್ನಾಟಕದ ಮೂಲಕ ದಕ್ಷಿಣಕ್ಕೆ ಟ್ರಫ್ ಇದೆ' ಅಂತ ಬೇಸಿಗೆಯಲ್ಲಿ ಆಗಾಗ ಬರೆಯುತ್ತಾರಲ್ಲ, ಅದು ಈ ಎರಡು ಗಾಳಿ ಸಂಧಿಸುವ ಗೆರೆಯೇ. ಆ ಸಾಲು ಕಂಡರೆ ನಮ್ಮಲ್ಲಿ ಸಂಜೆ ಗುಡುಗಿನ ಸಾಧ್ಯತೆ ಇದೆ ಅಂತ ತಿಳಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮೂಡು ದಿಕ್ಕು ಕಪ್ಪಾಯಿತು ಅಂದರೆ ಅಂಗಳದಲ್ಲಿ ಹರವಿದ ಗೋಟು ಅಡಿಕೆ, ಕಾಳುಮೆಣಸು ಬಾಚಲು ಎಲ್ಲರೂ ಓಡುತ್ತಾರೆ.

ಮಳೆ ಬಂದರೆ ಬೆಂಕಿ ಆರುತ್ತದೆ, ಒಳ್ಳೆಯದೇ ಆಯಿತಲ್ಲ ಅಂತ ಅನಿಸಬಹುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಹೇಳಿದ್ದೂ ಸುಳ್ಳಲ್ಲ. ಆದರೆ ಮಳೆಗೆ ಮೊದಲು ಗಾಳಿ ಬರುತ್ತದೆ. ಗುಡುಗು ಮೋಡದಿಂದ ತಣ್ಣನೆಯ ಗಾಳಿ ರಭಸದಿಂದ ಕೆಳಗೆ ಬಿದ್ದು ಎಲ್ಲಾ ಕಡೆ ಹರಡುತ್ತದೆ. ಇಲಾಖೆ ಹೇಳುವ 'ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ' ಅದೇ. ಗುಡ್ಡದಲ್ಲಿ ಬೆಂಕಿ ಇರುವಾಗ ಆ ಗಾಳಿ ಬಂದರೆ ಏನಾಗುತ್ತದೆ ಯೋಚಿಸಿ. ಬೆಳಿಗ್ಗೆಯಿಂದ ಒಂದೇ ದಿಕ್ಕಿಗೆ ಹೋಗುತ್ತಿದ್ದ ಬೆಂಕಿ ಒಮ್ಮೆಲೇ ತಿರುಗಿ ಆರಿಸುವವರ ಮೇಲೆಯೇ ಬರುತ್ತದೆ. ಎರಡು ದಿನದ ಹಿಂದೆ ಆರಿತು ಅಂದುಕೊಂಡಿದ್ದ ಒಣ ಮರದ ಬುಡ್ಡೆಯಲ್ಲಿ ಕೆಂಡ ಉಳಿದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಗಾಳಿಗೆ ಕರೆಂಟ್ ತಂತಿ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ. ಏರಿನಲ್ಲಿ ಬೆಂಕಿ ಮೊದಲೇ ಜೋರು, ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸಿ ಒಣಗಿಸಿರುತ್ತದೆ. ಮತ್ತೆ ಮಳೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಬೇಸಿಗೆ ಮಳೆ ಒಂದು ಊರಿಗೆ ಬಂದು ಪಕ್ಕದ ಊರಿಗೆ ಬರೀ ಗಾಳಿ ಕೊಟ್ಟು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

2023ರ ಫೆಬ್ರುವರಿಯಲ್ಲಿ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ದಿನಗಟ್ಟಲೆ ಉರಿದಾಗ ಗಾಳಿಯ ಜೋರೇ ದೊಡ್ಡ ತೊಡಕಾಗಿತ್ತು. ನಮ್ಮಲ್ಲಿ ಬೆಂಕಿ ಆರಿಸುವವರು ಯಾರು? ಬೇಸಿಗೆಗೆ ಮಾತ್ರ ಕೂಲಿಗೆ ತೆಗೆದುಕೊಂಡ ಫೈರ್ ವಾಚರ್‌ಗಳು, ಊರಿನ ಹುಡುಗರು. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಕೆಲವು ಕಡೆ ಈಗ ಬ್ಲೋವರ್. ಅವರಿಗೆ 'ಇವತ್ತು ಮೂರು ಗಂಟೆ ಮೇಲೆ ಗುಡುಗು ಗಾಳಿ ಬರಬಹುದು, ಏರಿನ ಮೇಲ್ಭಾಗದಲ್ಲಿ ನಿಲ್ಲಬೇಡಿ' ಅಂತ ಬೆಳಿಗ್ಗೆಯೇ ಯಾರಾದರೂ ಹೇಳಿದರೆ ಒಂದು ಜೀವ ಉಳಿಯಬಹುದು. ಬೆಂಕಿಯ ಸುದ್ದಿ ಒಂದು ಕಡೆ, ಗುಡುಗಿನ ಸುದ್ದಿ ಇನ್ನೊಂದು ಕಡೆ ಇಟ್ಟರೆ ಇದನ್ನು ಯಾರು ಕೂಡಿಸಿ ಹೇಳುತ್ತಾರೆ? ಅದಕ್ಕೇ ನಾನು ಮೂರನ್ನೂ ಒಂದೇ ಚೌಕದಲ್ಲಿ ಹಾಕಿ ಅಂತ ಕೇಳುತ್ತಿರುವುದು.

ಬೇರೆ ದೇಶಗಳಲ್ಲಿ ಹೀಗೆ ಹೇಳುವುದು ರೂಢಿ ಆಗಿದೆ. ಅಮೆರಿಕದ ಹವಾಮಾನ ಸೇವೆಯ ಬೇಸಿಗೆ ಮುನ್ಸೂಚನೆಯಲ್ಲಿ ಬಿಸಿಲು, ಹೊಗೆ, ಗುಡುಗಿನ ಸಾಧ್ಯತೆ ಶೇಕಡಾ ಇಷ್ಟು ಅಂತ ಒಂದೇ ಜಾಗದಲ್ಲಿ ಓದಬಹುದು. ಅಲ್ಲಿ ಒಣ ಗುಡುಗು ಅನ್ನುವುದೇ ದೊಡ್ಡ ಭಯ. ಮಳೆ ನೆಲ ಮುಟ್ಟದೆ ಬರೀ ಸಿಡಿಲು ಬಿದ್ದು ಕಾಡು ಹೊತ್ತಿಕೊಳ್ಳುತ್ತದೆ. ಹೊಗೆ ನಾಳೆ ಯಾವ ಊರಿನ ಮೇಲೆ ಹೋಗುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯೂ ಅವರಲ್ಲಿದೆ. 2023ರ ಜೂನ್‌ನಲ್ಲಿ ಕೆನಡಾದ ಕಾಡಿನ ಬೆಂಕಿಯ ಹೊಗೆ ನೂರಾರು ಮೈಲಿ ದಾಟಿ ನ್ಯೂಯಾರ್ಕ್ ಆಕಾಶವನ್ನೇ ಕಿತ್ತಳೆ ಬಣ್ಣ ಮಾಡಿದ್ದು ನಿಮ್ಮ ಪತ್ರಿಕೆಯಲ್ಲೂ ಬಂದಿರುತ್ತದೆ. ನಮ್ಮ ಬೆಂಕಿ ಅಷ್ಟು ದೊಡ್ಡದಲ್ಲ, ನಮ್ಮಲ್ಲಿ ಸಿಡಿಲಿನಿಂದ ಹತ್ತುವುದೂ ತೀರಾ ಅಪರೂಪ, ಬಹುತೇಕ ಎಲ್ಲವೂ ಮನುಷ್ಯರ ಕೈಯಿಂದಲೇ. ಆದರೆ ಕೆಮ್ಮುವವರ ಎದೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ದೂರದ ಹೊಗೆಯ ಫೋಟೊಗೆ ಸಿಕ್ಕ ಜಾಗದಲ್ಲಿ ಕಾಲು ಭಾಗ ನಮ್ಮ ಹೊಗೆಗೂ ಸಿಗಲಿ.

ಮುನ್ಸೂಚನೆಯ ಮಾತುಗಳನ್ನೂ ಒಮ್ಮೆ ಬಿಡಿಸಿ ಹೇಳಿ. 'ಒಂದೆರಡು ಕಡೆ', 'ಕೆಲವು ಕಡೆ', 'ಹಲವು ಕಡೆ' ಅಂತ ಬರೆಯುತ್ತೀರಿ. ಸುಮ್ನೆ ಬರೆದ ಪದಗಳಲ್ಲ ಅವು, ಹವಾಮಾನ ಇಲಾಖೆಯಲ್ಲಿ ಪ್ರತಿಯೊಂದಕ್ಕೂ ಅಳತೆ ಇದೆ. ಆ ಪ್ರದೇಶದ ಅಳತೆ ಕೇಂದ್ರಗಳಲ್ಲಿ ಶೇ 25ರ ಒಳಗೆ ಮಳೆ ಬಂದರೆ ಒಂದೆರಡು ಕಡೆ, ಶೇ 26ರಿಂದ 50 ಆದರೆ ಕೆಲವು ಕಡೆ, ಶೇ 51ರಿಂದ 75 ಆದರೆ ಹಲವು ಕಡೆ, ಅದಕ್ಕೂ ಮೇಲಾದರೆ ಬಹುತೇಕ ಎಲ್ಲಾ ಕಡೆ. ಇದು ಗೊತ್ತಿದ್ದರೆ 'ಮಳೆ ಅಂದಿದ್ದರು, ನಮ್ಮೂರಿಗೆ ಬರಲೇ ಇಲ್ಲ, ಎಲ್ಲಾ ಸುಳ್ಳು' ಅಂತ ಜನ ಬೈಯುವುದು ಕಡಿಮೆ ಆಗುತ್ತದೆ. ಬಣ್ಣದ ಎಚ್ಚರಿಕೆಯೂ ಹಾಗೇ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಬೇಸಿಗೆಯ ಗುಡುಗಿಗೆ ನಮ್ಮಲ್ಲಿ ಹೆಚ್ಚಾಗಿ ಹಳದಿಯೇ ಬರುತ್ತದೆ. ಹಳದಿ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಸಿಡಿಲು ಬಣ್ಣ ನೋಡಿ ಬೀಳುವುದಿಲ್ಲ ಅಲ್ವಾ?

ಸಿಡಿಲಿನ ಬಗ್ಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಆ್ಯಪ್ ಇದೆ, ನಾವಿರುವ ಜಾಗದ ಸುತ್ತ 20ರಿಂದ 40 ಕಿ.ಮೀ. ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ನಮ್ಮ ರಾಜ್ಯದ ವಿಕೋಪ ಕೇಂದ್ರದ್ದೇ 'ಸಿಡಿಲು' ಆ್ಯಪ್ ಇದೆ. ರೈತರ ಹವಾಮಾನ ಸಲಹೆ ಮಂಗಳವಾರ, ಶುಕ್ರವಾರ ಹೊರಡುತ್ತದೆ, 'ಮೇಘದೂತ್' ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಎಲ್ಲಾ ಸರಿ. ಆದರೆ ನಮ್ಮ ಕಡೆ ನೆಟ್‌ವರ್ಕ್ ಕಥೆ ನಿಮಗೆ ಗೊತ್ತೇ ಇದೆ. ಗಾಳಿ ಮಳೆ ಶುರುವಾದರೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಟವರ್. ಎಚ್ಚರಿಕೆ ಅತಿ ಹೆಚ್ಚು ಬೇಕಾದ ಹೊತ್ತಿಗೇ ಮೊಬೈಲ್ ಸತ್ತಿರುತ್ತದೆ. ಬೆಳಿಗ್ಗೆ ಕೈಗೆ ಬಂದ ಪತ್ರಿಕೆಗೆ ಟವರ್ ಬೇಕಿಲ್ಲ. ನಿಮ್ಮನ್ನೇ ಯಾಕೆ ಕೇಳುತ್ತಿದ್ದೇನೆ ಅಂದರೆ ಇದಕ್ಕೇ.

ತೋಟದವರಿಗೆ ವಿಶೇಷವಾಗಿ ಎರಡು ಮಾತು ಆ ಚೌಕದಲ್ಲೇ ಆಗಾಗ ಬರಲಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿನ ಒಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ ಬರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಹೋಗಬಾರದು. ಮರದ ಕೆಳಗೆ ನಿಲ್ಲಬಾರದು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ದನ ಕಾಯುವವರು ಮಳೆ ಬಂದರೆ ಓಡುವುದು ಮರದ ಬುಡಕ್ಕೇ. ಅಡಿಕೆ ಕೊಯ್ಯಲು ಈಗ ಬಂದಿರುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಮರದ್ದಲ್ಲ, ಅದರಲ್ಲಿ ಕರೆಂಟ್ ಹರಿಯುತ್ತದೆ. ಮೋಡ ಕವಿದಾಗ ಅದನ್ನು ಎತ್ತಿ ಹಿಡಿಯುವುದು ತೀರಾ ಅಪಾಯ. ಮೇ ಕೊನೆಯಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬರುತ್ತದೆ, ಮುಂಗಾರಿಗೆ ಮುಂಚೆ ಮುಗಿಸಬೇಕು ಅಂತ ಎಲ್ಲರಿಗೂ ಆತುರ. ಮಧ್ಯಾಹ್ನದ ಒಳಗೆ ಮುಗಿಸಿ ಅನ್ನುವ ಒಂದು ಸಾಲು ಆ ದಿನಗಳಲ್ಲಿ ಬಂದರೆ ಔಷಧಿಯೂ ತೊಳೆದು ಹೋಗುವುದಿಲ್ಲ, ಮರದ ಮೇಲಿರುವ ಕೊನೆಗಾರರೂ ಕ್ಷೇಮ.

ನಾನು ಕೇಳುವ ಚೌಕ ಹೇಗಿರಬೇಕು ಅಂತ ಒಂದು ಮಾದರಿ ಬರೆಯುತ್ತೇನೆ: 'ಇಂದು ಹೊಸನಗರ, ತೀರ್ಥಹಳ್ಳಿ: ಬೆಳಿಗ್ಗೆ 10ರವರೆಗೆ ಕಣಿವೆಗಳಲ್ಲಿ ಹೊಗೆ ಮಬ್ಬು, ಉಬ್ಬಸ ಇರುವವರು ಹೊರಗೆ ಬರಬೇಡಿ. ನಿನ್ನೆ ಗುಡ್ಡದಲ್ಲಿ ಕಂಡ ಬೆಂಕಿ ಪೂರ್ತಿ ಆರಿಲ್ಲ. ಮಧ್ಯಾಹ್ನ 3ರ ನಂತರ ಒಂದೆರಡು ಕಡೆ ಗುಡುಗು, ಗಾಳಿ. ತೋಟದ ಕಸಕ್ಕೆ ಬೆಂಕಿ ಹಾಕಬೇಡಿ. ಶಿಕಾರಿಪುರ, ಸೊರಬ: ಬಿಸಿಲು, ಮಳೆ ಸಾಧ್ಯತೆ ಕಡಿಮೆ.' ಇಷ್ಟೇ. ಐದಾರು ಸಾಲು. ಬೆಂಕಿಯ ಜಾಗ ಉಪಗ್ರಹದ ಪಟ್ಟಿಯಿಂದ, ಮಳೆ ಗಾಳಿ ಹವಾಮಾನ ಇಲಾಖೆಯಿಂದ, ಉಳಿದದ್ದು ನಿಮ್ಮ ತಾಲ್ಲೂಕು ವರದಿಗಾರರಿಂದ. ಹೊಗೆ ಇಷ್ಟೇ ಇರುತ್ತದೆ ಅಂತ ಕರಾರುವಾಕ್ಕಾಗಿ ಹೇಳಬೇಕಿಲ್ಲ. ಹತ್ತಿರದಲ್ಲಿ ಬೆಂಕಿ ಇದೆ, ರಾತ್ರಿ ಗಾಳಿ ಇಲ್ಲ, ಆಕಾಶ ತಿಳಿಯಾಗಿದೆ, ಈ ಮೂರು ಕೂಡಿದರೆ ಬೆಳಿಗ್ಗೆ ಕಣಿವೆಯಲ್ಲಿ ಹೊಗೆ ಇದ್ದೇ ಇರುತ್ತದೆ.

'ತೋಟದ ಕಸಕ್ಕೆ ಬೆಂಕಿ ಹಾಕಬೇಡಿ' ಅಂತ ಬರೆದೆನಲ್ಲ, ಅದು ನಮ್ಮವರಿಗೇ ಹೇಳಬೇಕಾದ ಮಾತು. ಕಾಡಿನ ಬೆಂಕಿಯ ಹೊಗೆಯೊಂದೇ ಅಲ್ಲ ನಮ್ಮ ಹೊಗೆ. ಅಡಿಕೆ ಸುಲಿದ ಸಿಪ್ಪೆಯನ್ನು ತಂದು ರಸ್ತೆ ಬದಿ ಸುರಿಯುತ್ತಾರೆ, ಅದಕ್ಕೆ ಬೆಂಕಿ ಬೀಳುತ್ತದೆ. ಉರಿಯುವುದೂ ಇಲ್ಲ, ಆರುವುದೂ ಇಲ್ಲ, ವಾರಗಟ್ಟಲೆ ಹೊಗೆ ಮಾತ್ರ. ತಿರುವಿನಲ್ಲಿ ಬೈಕಿನವರಿಗೆ ಎದುರಿನ ಗಾಡಿ ಕಾಣುವುದಿಲ್ಲ. ಅದೇ ಸಿಪ್ಪೆಯನ್ನು ಗೊಬ್ಬರ ಮಾಡಿ ತೋಟಕ್ಕೇ ಹಾಕಬಹುದು, ತೇವ ಉಳಿಯುವಂತೆ ಅಡಿಕೆ ಬುಡಕ್ಕೆ ಮುಚ್ಚಬಹುದು. ಹೊಸ ಹುಲ್ಲು ಬರಲಿ ಅಂತ ಬ್ಯಾಣಕ್ಕೆ ಬೆಂಕಿ ಇಡುವುದು, ಉಣುಗು ಸಾಯಲಿ ಅಂತ ದರಗಿಗೆ ಬೆಂಕಿ ಇಡುವುದು, ಬೀಡಿ ಸೇದಿ ಬಿಸಾಡುವುದು, ಅರಣ್ಯ ಇಲಾಖೆ ಮೇಲಿನ ಸಿಟ್ಟಿಗೆ ಕಡ್ಡಿ ಗೀರುವುದು, ಇವೆಲ್ಲ ನಡೆಯುತ್ತವೆ ಅಂತ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಸಿಟ್ಟಿಗೆ ಕಾರಣ ಇರಬಹುದು, ಒತ್ತುವರಿ ತೆರವಿನ ನೋಟಿಸು ಬಂದವರ ಸಂಕಟ ನಾನೂ ಬಲ್ಲೆ. ಆದರೆ ಆ ಹೊಗೆ ಹೋಗುವುದು ಯಾವ ಕಚೇರಿಗೂ ಅಲ್ಲ, ಪಕ್ಕದ ಮನೆಯ ಮಗುವಿನ ಎದೆಗೆ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕಾಡಿಗೆ ಬೆಂಕಿ ಇಡುವುದು ಅಪರಾಧ. ಅದಕ್ಕಿಂತ ಮುಂಚೆ ಅದು ನಮ್ಮ ನೀರಿನ ಒರತೆಗೇ ನಾವು ಮಾಡುವ ದ್ರೋಹ.

ಇನ್ನೊಂದು ಎಚ್ಚರಿಕೆ ಮರೆಯಬಾರದು. ಬೆಂಕಿಯ ಕಾಲ ಬರುವುದು ಮಂಗನ ಕಾಯಿಲೆಯ ಕಾಲದ ಒಳಗೇ. ಉಣುಗು ಕಚ್ಚಿ ಹರಡುವ ಆ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು, ಸಾಗರ ತಾಲ್ಲೂಕಿನ ಅರಳಗೋಡು ಕಡೆ 2019ರಲ್ಲಿ ಪಟ್ಟ ಪಾಡು ಇನ್ನೂ ಹಸಿಯಾಗಿದೆ. ಬೆಂಕಿ ಆರಿಸಲು ಕಾಡಿಗೆ ನುಗ್ಗುವ ಹುಡುಗರು ಆತುರದಲ್ಲಿ ಬರಿಗಾಲು, ಚಡ್ಡಿಯಲ್ಲೇ ಓಡುತ್ತಾರೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಉದ್ದ ಬಟ್ಟೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಬೇಕು. ಬೆಂಕಿ ಸುದ್ದಿಯ ಕೆಳಗೆ ಇದೂ ಒಂದು ಸಾಲು ಇರಲಿ.

ಪ್ರತಿವರ್ಷ ಫೆಬ್ರುವರಿ ಕೊನೆಗೆ ಹವಾಮಾನ ಇಲಾಖೆ ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯ ಅಂದಾಜು ಹೇಳುತ್ತದೆ. ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಅಂದಾಜು ಬರುತ್ತದೆ. ಗುಡುಗು ಹತ್ತಿರ ಬಂದಾಗ ಮೂರು ಗಂಟೆಯ ತುರ್ತು ಸೂಚನೆ ಬರುತ್ತದೆ. ಮೊದಲ ಎರಡನ್ನು ನೀವು ಮಲೆನಾಡಿಗೆ ಹೊಂದಿಸಿ ಹಾಕಿದರೆ ಸಾಕು. ಮೂರನೆಯದಕ್ಕೆ ಗ್ರಾಮ ಪಂಚಾಯಿತಿಯ ಮೈಕು, ಹಾಲಿನ ಡೇರಿಯ ಫಲಕ, ಶಾಲೆಯ ಗಂಟೆ ಬೇಕು, ಅದನ್ನು ಜಿಲ್ಲಾಡಳಿತಕ್ಕೆ ಬೇರೆ ಪತ್ರದಲ್ಲಿ ಬರೆಯುತ್ತೇನೆ. ಬೆಂಕಿ ದಾಟದ ಹಾಗೆ ಹುಲ್ಲು, ದರಗು ತೆಗೆದು ಬೆಂಕಿ ರೇಖೆ ಮಾಡುವ ಕೆಲಸ ಜನವರಿಯಲ್ಲೇ ಮುಗಿದಿದೆಯೇ, ಫೈರ್ ವಾಚರ್‌ಗಳಿಗೆ ಕೂಲಿ ಸಿಕ್ಕಿದೆಯೇ ಅಂತ ನಿಮ್ಮ ವರದಿಗಾರರು ಬೇಸಿಗೆಗೆ ಮುಂಚೆ ಒಮ್ಮೆ ಹೋಗಿ ಕೇಳಲಿ. ಸುಟ್ಟ ಗುಡ್ಡದ ಫೋಟೊಗಿಂತ ಆ ವರದಿ ನಮಗೆ ಜಾಸ್ತಿ ಉಪಯೋಗ.

ನಮ್ಮ ಊರಿನಿಂದ ಬೇಕಾದ ಸಹಾಯ ಮಾಡುತ್ತೇವೆ. ಗುಡ್ಡದಲ್ಲಿ ಹೊಗೆ ಕಂಡರೆ ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ಹೊತ್ತಿನಿಂದ ಅಂತ ಸಂಜೆಯೊಳಗೆ ತಿಳಿಸಲು ಜನ ಇದ್ದಾರೆ. ತಿಳಿಸುವುದು ಯಾರಿಗೆ ಅನ್ನುವ ಒಂದು ಫೋನ್ ನಂಬರನ್ನು ಆ ಚೌಕದ ಕೆಳಗೆ ಹಾಕಿ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಓದುಗ